ಸಹಾಯ ಬೇಕು: ಹಳೇ ಓನರ್ ಫಾಸ್ಟ್‌ಟ್ಯಾಗ್ ಮುಚ್ಚಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಆರ್‌ಸಿ ನನ್ನ ಹೆಸರಿಗೆ ಆಗಿದೆ. ಗಾಜಿನ ಮೇಲಿದ್ದ ಹಳೇ ಫಾಸ್ಟ್‌ಟ್ಯಾಗ್ ಕಿತ್ತು ಬಿಸಾಕಿದೆ, ಅಲ್ಲಿಗೆ ಮುಗಿಯಿತು ಅಂದುಕೊಂಡೆ. ದಡ್ಡತನ, ಗೊತ್ತು.

ಈಗ ಹೊಸದಕ್ಕೆ ಅರ್ಜಿ ಹಾಕಿದರೆ ‘ಈ ಗಾಡಿ ನಂಬರಿಗೆ ಈಗಾಗಲೇ ಟ್ಯಾಗ್ ಇದೆ’ ಅಂತ ಬರುತ್ತದೆ. ಒಂದು ಗಾಡಿಗೆ ಒಂದೇ ಟ್ಯಾಗ್ ಅನ್ನುವ ನಿಯಮ ಅಲ್ವಾ. ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿದೆ. ಟ್ಯಾಗ್ ಕೊಟ್ಟ ಬ್ಯಾಂಕನ್ನೇ ಕೇಳಿ ಅಂದರು. ಆ ಬ್ಯಾಂಕಿನವರು ಹಳೇ ಓನರ್ ಮೊಬೈಲಿಗೆ ಬರುವ ಓಟಿಪಿ ಬೇಕೇ ಬೇಕು ಅನ್ನುತ್ತಾರೆ. ಅವರೋ, ಆ ಸಿಮ್ ಯಾವತ್ತೋ ಬಿಟ್ಟಿದ್ದಾರೆ. ಪಾಪ, ಒಳ್ಳೆಯವರು, ಸಹಿ ಹಾಕಿ ಪತ್ರ ಕೊಡಲು ತಯಾರಿದ್ದಾರೆ.

ಅಲ್ಲಿಯವರೆಗೆ ಹಾಸನಕ್ಕೆ ಹೋಗಿಬರುವಾಗಲೆಲ್ಲ ಟೋಲ್‌ನಲ್ಲಿ ಯುಪಿಐ ಮಾಡಿ ಒಂದೂಕಾಲು ಪಟ್ಟು ಕಟ್ಟುತ್ತಿದ್ದೇನೆ. ಸುಮ್ನೆ ದಂಡ.

ನನ್ನ ಪ್ರಶ್ನೆ ಇಷ್ಟೇ: ಹೊಸ ಆರ್‌ಸಿ ಮತ್ತು ಹಳೇ ಓನರ್ ಪತ್ರ ತೋರಿಸಿ, ಓಟಿಪಿ ಇಲ್ಲದೆ ಹಳೇ ಟ್ಯಾಗ್ ಮುಚ್ಚಿಸಿದವರು ಯಾರಾದರೂ ಇದ್ದೀರಾ? ಅದಕ್ಕೆ ಬ್ರಾಂಚಿಗೇ ಹೋಗಬೇಕಾ, ಇಲ್ಲ ಹೊಸ ಟ್ಯಾಗ್ ಕೊಡುವ ಬ್ಯಾಂಕಿನವರೇ ಮಾಡಿಸುತ್ತಾರಾ?