ಎನರ್ಜಿ ಪಾಯಿಂಟ್ ನಿಯಮ: ಮೊದಲ ರೌಂಡಿನಲ್ಲೇ ಕಾಳಗ ಮುಗಿದುಹೋಗುತ್ತಿದೆ, ಏನು ಮಾಡಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನೇ ನಿಯಮ ಬರೆದ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟವೊಂದನ್ನು (ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕಿ ಆಡೋ ಕಥೆಯಾಟ) ಗೆಳೆಯರಿಗೆ ಆಡಿಸುತ್ತಿದ್ದೇನೆ. ಕಥೆ, ಪಾತ್ರ, ಮಾತುಕತೆ ಎಲ್ಲ ಚೆನ್ನಾಗಿ ನಡೆಯುತ್ತಿದೆ. ಕಾಳಗ ಮಾತ್ರ ಶುರುವಾದ ಕೂಡಲೇ ಮುಗಿದುಹೋಗುತ್ತದೆ.

ನಿಯಮ ಹೀಗಿದೆ. ಮಂತ್ರವಾದಿಗೆ 24 ಎನರ್ಜಿ ಪಾಯಿಂಟ್. ಸಣ್ಣ ಪವರ್‌ಗೆ 2 ಪಾಯಿಂಟ್ ಖರ್ಚು, ಡ್ಯಾಮೇಜ್ 1ಡಿ6 (ಆರು ಮುಖದ ಒಂದು ದಾಳ; 3ಡಿ6 ಅಂದರೆ ಅಂಥ ಮೂರು ದಾಳಗಳ ಮೊತ್ತ). ನಡು ಪವರ್‌ಗೆ 4 ಪಾಯಿಂಟ್, 3ಡಿ6. ದೊಡ್ಡದಕ್ಕೆ 8 ಪಾಯಿಂಟ್, 6ಡಿ6. ಕತ್ತಿಯೇಟಿಗೆ ಎನರ್ಜಿ ಬೇಡ, ಡ್ಯಾಮೇಜ್ 1ಡಿ8+2, ಯಾರು ಬೇಕಾದರೂ ಹೊಡೆಯಬಹುದು. ಮಲಗಿ ಎದ್ದರೆ ಎನರ್ಜಿ ಪೂರ್ತಿ ವಾಪಸ್.

ಗುಂಪಿನಲ್ಲಿ ಇಬ್ಬರು ಮಂತ್ರವಾದಿಗಳು, ಒಬ್ಬ ಕತ್ತಿವೀರ. 40 ಜೀವದ ರಾಕ್ಷಸನನ್ನು ತಂದೆ. ಇಬ್ಬರೂ ದೊಡ್ಡ ಪವರ್ ಬಿಟ್ಟರು, ರಾಕ್ಷಸ ಸತ್ತ. ಕತ್ತಿವೀರನ ಟರ್ನೇ ಬರಲಿಲ್ಲ. ಮುಂದಿನ ಸಲ ಜೀವ 80 ಮಾಡಿದೆ. ಎರಡನೇ ರೌಂಡಿಗೆ ಸತ್ತ. ಆಮೇಲೆ ಮಂತ್ರವಾದಿಗಳು "ಬಾಗಿಲು ಹಾಕಿಕೊಂಡು ಮಲಗೋಣ" ಅಂದರು. ಕತ್ತಿವೀರನ ಪಾತ್ರ ಆಡುವವನು ಸುಮ್ನೆ ದಾಳ ಉರುಳಿಸುತ್ತಾ ಕೂತಿರೋದು ನೋಡಿದರೆ ಬೇಜಾರಾಗುತ್ತದೆ. ಎನರ್ಜಿಯನ್ನು 24ರಿಂದ 16ಕ್ಕೆ ಇಳಿಸಿದರೆ ಸರಿಹೋಗುತ್ತಾ?

ಉತ್ತರ

ಇಳಿಸಬೇಡಿ. 16 ಇದ್ದರೂ ದೊಡ್ಡ ಪವರ್ ಎರಡು ಸಲ ಬಿಡಬಹುದು, ಅಲ್ವಾ? ಮೊದಲ ರೌಂಡ್ ಈಗ ಹೇಗಿದೆಯೋ ಹಾಗೇ ಇರುತ್ತದೆ. ಮಲಗೋದು ಇನ್ನೂ ಬೇಗ ಶುರುವಾಗುತ್ತದೆ, ಅಷ್ಟೇ.

ಒಂದು ವಿಷಯ ನೀವು ಬರೆದಿಲ್ಲ. ಏಟು ತಗಲಿತೋ ಇಲ್ಲವೋ ಅಂತ ನೋಡೋಕೆ ದಾಳ ಹಾಕಿಸ್ತೀರಾ?

ಪ್ರಶ್ನೆ ಕೇಳಿದವರು

ಕತ್ತಿಗೆ ಡಿ20 ಹಾಕಬೇಕು. 9 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತಗಲುತ್ತದೆ. ಪವರ್‌ಗೆ ದಾಳ ಇಲ್ಲ. ಎನರ್ಜಿ ಕೊಟ್ಟಿದ್ದಾರಲ್ಲ ಅಂತ ನೇರವಾಗಿ ತಗಲೋ ಹಾಗೆ ಇಟ್ಟಿದ್ದೇನೆ.

ಮೊದಲು ಉತ್ತರಿಸಿದವರು

ತೊಂದರೆ ಇರೋದು ಅಲ್ಲೇ. ಲೆಕ್ಕ ಹಾಕೋಣ ಬನ್ನಿ.

1ಡಿ8+2 ಅಂದರೆ ಸರಾಸರಿ 6.5. ಡಿ20ಯಲ್ಲಿ 9ರಿಂದ 20ರವರೆಗೆ 12 ಮುಖಗಳು, ಅಂದರೆ ನೂರಕ್ಕೆ 60 ಸಲ ತಗಲುತ್ತದೆ. ಹಾಗಾಗಿ ಕತ್ತಿಯ ನಿಜವಾದ ಬೆಲೆ ಟರ್ನಿಗೆ 3.9. ಪವರ್‌ಗಳು ತಪ್ಪೋದೇ ಇಲ್ಲ, ಆದ್ದರಿಂದ ಸಣ್ಣದು 3.5, ನಡುವಿನದು 10.5, ದೊಡ್ಡದು 21. ನೋಡಿ, ಸಣ್ಣ ಪವರ್ ಪುಕ್ಕಟೆ ಕತ್ತಿಗಿಂತ ಕಡಿಮೆ! ಅದನ್ನು ಯಾರೂ ಬಳಸುತ್ತಿಲ್ಲ ಅಂದುಕೊಳ್ತೀನಿ.

ಆಟಗಾರ ಪವರ್ ಬಿಟ್ಟಾಗ ಎರಡು ಖರ್ಚಾಗುತ್ತವೆ: ಎನರ್ಜಿ ಮತ್ತು ಟರ್ನ್. ಮೂರು ರೌಂಡಿನ ಕಾಳಗದಲ್ಲಿ ಒಬ್ಬನಿಗೆ ಸಿಗೋದು ಮೂರೇ ಟರ್ನ್. 24 ಎನರ್ಜಿಯಲ್ಲಿ ದೊಡ್ಡ ಪವರ್ ಕೂಡ ಮೂರು ಸಲ ಬರುತ್ತದೆ. ಅಂದರೆ ನಿಮ್ಮ ಎನರ್ಜಿ ನಿಯಮ ಯಾರನ್ನೂ ಯಾವ ಟರ್ನಿನಲ್ಲೂ ತಡೆಯುತ್ತಿಲ್ಲ. ಅವರಿಗೆ ನಿಜವಾಗಿ ಕಡಿಮೆ ಇರೋದು ಟರ್ನ್. ಹಾಗಾಗಿ ಒಂದು ಟರ್ನಿಗೆ ಜಾಸ್ತಿ ಡ್ಯಾಮೇಜ್ ಕೊಡೋದನ್ನೇ ಆರಿಸಿಕೊಳ್ತಾರೆ. ಅವರ ತಪ್ಪಿಲ್ಲ, ನಿಯಮ ಹೇಳಿದ ಹಾಗೆ ಆಡುತ್ತಿದ್ದಾರೆ.

ಪವರ್‌ನ ಬೆಲೆ ನೋಡುವಾಗ ಕತ್ತಿಯ 3.9 ಕಳೆದು ನೋಡಿ. ಎನರ್ಜಿ ಕೊಟ್ಟಿದ್ದಕ್ಕೆ ಸಿಗೋದು ಆ ಹೆಚ್ಚುವರಿ ಮಾತ್ರ. ನಡು ಪವರ್: 6.6 ಹೆಚ್ಚುವರಿಗೆ 4 ಪಾಯಿಂಟ್, ಪಾಯಿಂಟಿಗೆ 1.65. ದೊಡ್ಡದು: 17.1ಕ್ಕೆ 8 ಪಾಯಿಂಟ್, ಪಾಯಿಂಟಿಗೆ 2.1. 3ಡಿ6ಗೆ 4, 6ಡಿ6ಗೆ 8 ಅಂತ ಇಟ್ಟಾಗ ಸಮ ಅನ್ನಿಸುತ್ತದೆ. ಕತ್ತಿಯನ್ನು ಕಳೆದ ಮೇಲೆ ದೊಡ್ಡದು ಸೋವಿ ಅಂತ ಗೊತ್ತಾಗುತ್ತದೆ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ನಡು ಮತ್ತು ದೊಡ್ಡ ಪವರ್‌ಗೂ ಕತ್ತಿಯ ಹಾಗೆ ದಾಳ ಹಾಕಿಸಿ. ಆಗ ನಡುವಿನದು 6.3, ದೊಡ್ಡದು 12.6. ಹೆಚ್ಚುವರಿ 2.4 ಮತ್ತು 8.7. ನಡುವಿನದಕ್ಕೆ 4 ಪಾಯಿಂಟ್ ಇದ್ದರೆ, ಅದೇ ದರದಲ್ಲಿ ದೊಡ್ಡದಕ್ಕೆ ಸುಮಾರು 14 ಆಗುತ್ತದೆ. ಸಣ್ಣದನ್ನು ಮಾತ್ರ ತಪ್ಪದ ಏಟಾಗಿಯೇ ಬಿಡಿ, 1ಡಿ6+2 ಮಾಡಿ. ಸರಾಸರಿ 5.5, ಕತ್ತಿಗಿಂತ 1.6 ಜಾಸ್ತಿ, ಖರ್ಚು 2. ರಾಕ್ಷಸನಿಗೆ ಇನ್ನು ಮೂರೇ ಜೀವ ಉಳಿದಿದೆ ಅಂದಾಗ ಈ ಸಣ್ಣ ಪವರ್ ಚಿನ್ನದಂಥದ್ದು: 1ಡಿ6ನಲ್ಲಿ 1 ಬಂದರೂ ಕೆಲಸ ಮುಗಿಯುತ್ತದೆ.

24 ಎನರ್ಜಿಯಲ್ಲಿ ಈಗ ಒಂದು ದೊಡ್ಡದು, ಎರಡು ನಡುವಿನದು, ಒಂದು ಸಣ್ಣದು. ಇಬ್ಬರೂ ಮೊದಲ ರೌಂಡಿನಲ್ಲಿ ದೊಡ್ಡದು ಬಿಟ್ಟರೂ ಎರಡೂ ತಗಲುವ ಸಾಧ್ಯತೆ ನೂರಕ್ಕೆ 36. ಜೀವವನ್ನು 40ಕ್ಕೇ ವಾಪಸ್ ತನ್ನಿ. 80 ಮಾಡಿದಾಗ ಪೆಟ್ಟು ಬಿದ್ದಿದ್ದು ಕತ್ತಿವೀರನಿಗೆ: ಅವನು ಒಬ್ಬನೇ ಕೊಲ್ಲಬೇಕೆಂದರೆ ಸುಮಾರು 20 ಟರ್ನ್ ಬೇಕು.

ಇನ್ನೊಬ್ಬರ ಉತ್ತರ

ಮೇಲಿನ ಲೆಕ್ಕ ಒಪ್ಪುತ್ತೇನೆ. ಪರಿಹಾರದಲ್ಲಿ ಒಂದು ಮಾತು ಒಪ್ಪೋದಿಲ್ಲ. 14 ಪಾಯಿಂಟ್ ಸುರಿದು ದಾಳದಲ್ಲಿ 5 ಬಂದರೆ ಆಟಗಾರನ ಮುಖ ನೋಡೋಕಾಗಲ್ಲ. ಅವನ ಇಡೀ ದಿನದ ಅರ್ಧಕ್ಕಿಂತ ಜಾಸ್ತಿ ಎನರ್ಜಿ ಒಂದೇ ಏಟಿಗೆ ಹೋಯಿತು. ದೊಡ್ಡ ಪವರ್ ತಪ್ಪಿದರೂ ಅರ್ಧ ಡ್ಯಾಮೇಜ್ ಕೊಡಿ. ಆಗ ಸರಾಸರಿ 16.8, ಹೆಚ್ಚುವರಿ 12.9. ಅದಕ್ಕೆ ತಕ್ಕಂತೆ ಖರ್ಚು 20 ಮಾಡಿ. ಒಂದು ದೊಡ್ಡದು, ಒಂದು ನಡುವಿನದು, ಅಷ್ಟೇ. ಆದರೆ ಬಿಟ್ಟ ಪವರ್ ಪೂರ್ತಿ ವ್ಯರ್ಥವಾಗೋದಿಲ್ಲ.

ಸಂಖ್ಯೆ ತಿದ್ದೋಕೆ ಇಷ್ಟವಿಲ್ಲದಿದ್ದರೆ ನೇರ ಮಿತಿ ಹಾಕಿ. ಇದೇ ಬಗೆಯ ಹೆಸರಾಂತ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೇ ಆವೃತ್ತಿಯಲ್ಲಿ, ಮಂತ್ರಕ್ಕೆ ಪಾಯಿಂಟ್ ಖರ್ಚು ಮಾಡುವ ಸ್ಪೆಲ್ ಪಾಯಿಂಟ್ ಅನ್ನುವ ಐಚ್ಛಿಕ ನಿಯಮ ಇದೆ. ಪಾಯಿಂಟ್ ಎಷ್ಟೇ ಇರಲಿ, ಆರನೇ ಹಂತ ಮತ್ತು ಅದಕ್ಕಿಂತ ಮೇಲಿನ ಮಂತ್ರಗಳು ಹಂತಕ್ಕೆ ಒಂದರಂತೆ, ದೀರ್ಘ ವಿಶ್ರಾಂತಿಯವರೆಗೆ ಒಂದೇ ಸಲ. ನಿಮ್ಮದೇ ತೊಂದರೆಗೆ ಅದು ಮದ್ದು. "ದೊಡ್ಡ ಪವರ್ ವಿಶ್ರಾಂತಿಗೆ ಒಮ್ಮೆ" ಅಂತ ಒಂದೇ ಸಾಲು ಸಾಕು.

ನಿದ್ದೆಯ ವಿಷಯ. ಮಲಗೋದು ಪುಕ್ಕಟೆಯಾದರೆ ಪ್ರತಿ ಕಾಳಗದ ಮುಂದೆಯೂ ಎನರ್ಜಿ 24 ಇರುತ್ತದೆ, ಬೇರೆ ಏನು ತಿದ್ದಿಯೂ ಪ್ರಯೋಜನವಿಲ್ಲ. ಸಾಮಾನ್ಯ ನಿದ್ದೆಗೆ 8 ಪಾಯಿಂಟ್ ಮಾತ್ರ ವಾಪಸ್ ಕೊಡಿ. ಪೂರ್ತಿ ಬೇಕೆಂದರೆ ಊರಿಗೋ ಭದ್ರವಾದ ಬಿಡಾರಕ್ಕೋ ಹೋಗಬೇಕು. ಜೊತೆಗೆ ಒಂದು ಕಾಗದದಲ್ಲಿ ವೃತ್ತ ಬರೆದು ಆರು ಭಾಗ ಮಾಡಿ, ಟೇಬಲ್ ನಡುವೆ ಎಲ್ಲರಿಗೂ ಕಾಣೋ ಹಾಗೆ ಇಡಿ. ಒಂದು ಸಲ ಮಲಗಿದರೆ ಒಂದು ಭಾಗಕ್ಕೆ ಬಣ್ಣ ತುಂಬಿ. ಆರೂ ತುಂಬಿದಾಗ ಶತ್ರು ತನ್ನ ಕೆಲಸ ಮುಗಿಸಿರುತ್ತಾನೆ: ಕೈದಿಯನ್ನು ಸಾಗಿಸಿರುತ್ತಾನೆ, ಸೇತುವೆ ಮುರಿದಿರುತ್ತಾನೆ. ಮಲಗಬೇಡಿ ಅಂತ ನೀವು ಹೇಳೋದೇ ಬೇಡ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತಪ್ಪಿದರೂ ಅರ್ಧ ಡ್ಯಾಮೇಜ್, ಖರ್ಚು 20, ನಿದ್ದೆಗೆ 8, ಜೊತೆಗೆ ಆ ವೃತ್ತ. ಹೀಗೆ ಆಡಿಸಿ ನೋಡಿದೆ. ಕಾಳಗ ಐದು ರೌಂಡ್ ನಡೆಯಿತು! ಒಬ್ಬ ಮಂತ್ರವಾದಿ ದೊಡ್ಡ ಪವರ್ ಹಿಡಿದಿಟ್ಟುಕೊಂಡು ನಾಲ್ಕನೇ ರೌಂಡಿನಲ್ಲಿ ಬಿಟ್ಟ. ಎರಡು ಸಲ ಮಲಗಿದ ಮೇಲೆ ಅವರೇ "ಬೇಡ, ಮುಂದೆ ಹೋಗೋಣ" ಅಂದರು.

ಕತ್ತಿವೀರನಿಗೂ ಈಗ ಟರ್ನ್ ಸಿಗುತ್ತಿದೆ. ಆದರೆ ತಾನಾಗಿ ಆರಿಸೋಕೆ ಅವನಿಗೆ ಏನೂ ಇಲ್ಲ. ಅವನಿಗೂ ಎನರ್ಜಿ ಕೊಡಲಾ? ಗಾಯ ವಾಸಿ ಮಾಡೋ ಪವರ್ ಕೂಡ ಬೇಕು ಅಂತ ಕೇಳುತ್ತಿದ್ದಾರೆ.

ಮೊದಲು ಉತ್ತರಿಸಿದವರು

ಖಂಡಿತ ಕೊಡಿ. 2008ರ ನಾಲ್ಕನೇ ಆವೃತ್ತಿಯ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಕತ್ತಿವೀರನಿಗೂ ಮಂತ್ರವಾದಿಗೂ ಒಂದೇ ಬಗೆಯ ಪವರ್‌ಗಳಿದ್ದವು: ಬೇಕಾದಾಗೆಲ್ಲ ಬಳಸುವುದು, ಕಾಳಗಕ್ಕೆ ಒಮ್ಮೆ, ದಿನಕ್ಕೆ ಒಮ್ಮೆ. ನೀವು ಅಷ್ಟು ದೂರ ಹೋಗಬೇಕಿಲ್ಲ. ಅವನಿಗೆ 8 ಎನರ್ಜಿ ಸಾಕು. ದಾಳ ಬಿದ್ದ ಮೇಲೆ 2 ಪಾಯಿಂಟ್ ಕೊಟ್ಟು 3 ಕೂಡಿಸಿಕೊಳ್ಳಲಿ. 6, 7, 8 ಬಿದ್ದಾಗ ತಪ್ಪಿದ ಏಟು ತಗಲುತ್ತದೆ. ಪಾಯಿಂಟಿಗೆ 3.25 ಡ್ಯಾಮೇಜ್, ಮಂತ್ರವಾದಿಗಿಂತ ಬಹಳ ಜಾಸ್ತಿ ಕಾಣುತ್ತದೆ. ಆದರೆ ಇಪ್ಪತ್ತರಲ್ಲಿ ಮೂರು ಮುಖಕ್ಕೆ ಮಾತ್ರ ಈ ಅವಕಾಶ, ಹಾಗಾಗಿ ಹೆದರಬೇಡಿ. ಮುಖ್ಯವಾಗಿ, 7 ಬಿದ್ದಾಗ ಟೇಬಲ್ ಎಲ್ಲ ಅವನ ಕಡೆ ತಿರುಗುತ್ತದೆ.

ಗಾಯದ್ದು ಸುಲಭ. ಒಂದು ಟರ್ನಿನಲ್ಲಿ ವಾಪಸ್ ಬರುವ ಜೀವ ರಾಕ್ಷಸನ ಒಂದು ಟರ್ನಿನ ಡ್ಯಾಮೇಜ್‌ಗಿಂತ ಕಡಿಮೆ ಇರಲಿ. ಇಲ್ಲದಿದ್ದರೆ ಕಾಳಗ ಮುಗಿಯೋದೇ ಇಲ್ಲ. ರಾಕ್ಷಸ ಸರಾಸರಿ 10 ಹೊಡೆದರೆ, 4 ಪಾಯಿಂಟಿಗೆ 2ಡಿ6, ಅಂದರೆ 7 ಜೀವ ಸರಿ. ಕಾಳಗ ಮುಗಿದ ಮೇಲೆ ಗಾಯ ಕಟ್ಟೋಕೆ ಎನರ್ಜಿ ಮುಟ್ಟಿಸಬೇಡಿ. ಪ್ರತಿ ಪಾತ್ರಕ್ಕೂ ದಿನಕ್ಕೆ ಮೂರು ಡಿ6 ಬೇರೆಯಾಗಿ ಕೊಡಿ. ಅದನ್ನೂ ಎನರ್ಜಿಯಿಂದಲೇ ಮಾಡಿಸಿದರೆ ಮಂತ್ರವಾದಿಗಳು ಗಾಯಕ್ಕೆ ಬೇಕಾಗುತ್ತದೆ ಅಂತ ಪಾಯಿಂಟ್ ಬಚ್ಚಿಟ್ಟುಕೊಂಡು ಕಾಳಗದಲ್ಲಿ ಏನೂ ಮಾಡದೆ ಕೂರುತ್ತಾರೆ.