ಸಹಾಯ ಬೇಕು: ತೀರಿಹೋದ ತಮ್ಮನ ಪಾಲನ್ನು ಹಿಂದಿರುಗಿಸುವುದು ಹೇಗೆ?

ಕ್ರಿಸ್ತನಲ್ಲಿ ಪ್ರಿಯರೇ, ನಮ್ಮ ಸಭೆಯ ಹಿರಿಯರೊಬ್ಬರು ಬಹಳ ಹಿಂದೆ ತಮ್ಮನ ಪಾಲಿನ ಗದ್ದೆಯನ್ನು ತಾವೇ ಬರೆಸಿಕೊಂಡಿದ್ದರು. ತಮ್ಮ ಈಗಿಲ್ಲ. ಪ್ರಾರ್ಥನೆಗೆ ಮೊಣಕಾಲೂರಿದರೆ ಇವರಿಗೆ ಮಾತೇ ಹೊರಡುವುದಿಲ್ಲ. ಕರ್ತನ ಭೋಜನದ ದಿನ, ಎಲ್ಲರೂ ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳುವಾಗ, ಹಿಂದಿನ ಬೆಂಚಿನಲ್ಲೇ ಉಳಿದುಬಿಡುತ್ತಾರೆ. ದೇವರು ಕ್ಷಮಿಸಿದ್ದಾನೆ, ಮರೆತುಬಿಡಿ ಎಂದು ಸಮಾಧಾನ ಹೇಳಿದವರಿದ್ದಾರೆ. ನನಗೆ ಅಷ್ಟು ಸಾಲದು ಎನಿಸುತ್ತದೆ. ಯೇಸುವನ್ನು ಕಂಡ ಸುಂಕದವನಾದ ಜಕ್ಕಾಯನು ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸಲು ಮುಂದಾದನಲ್ಲವೇ? ಬೈಬಲಿನ ಅರಣ್ಯಕಾಂಡದ 5ನೆಯ ಅಧ್ಯಾಯವಂತೂ ತಪ್ಪನ್ನು ಅರಿಕೆಮಾಡಿ, ಮೂಲಕ್ಕೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕೆನ್ನುತ್ತದೆ.

ಹಿರಿಯರು ವಿಧೇಯರಾಗಲು ಸಿದ್ಧ, ಅವರ ಗಂಡುಮಕ್ಕಳು ಒಪ್ಪುತ್ತಿಲ್ಲ. ತಮ್ಮನ ಹೆಂಡತಿ ಇವರ ಮುಖ ನೋಡುವುದಿಲ್ಲ. ಮೊದಲು ಯಾರ ಬಳಿ ಹೋಗಬೇಕು? ಗದ್ದೆ ಹಿಂದಿರುಗಿಸುವ ಪತ್ರ ಯಾವ ಬಗೆಯದಾಗಬೇಕು? ಇಂಥ ರಾಜಿ ನಡೆಸಿಕೊಟ್ಟ ಪಾಸ್ಟರ್‌ಗಳು, ವಕೀಲರು ದಯವಿಟ್ಟು ತಿಳಿಸಿ.