ಶೋರೂಮ್‌ನಲ್ಲಿ ಬ್ರೇಕ್ ಕೆಲಸ ಮಾಡಿಸಿದ ಮೇಲೆ ಕಾರು ಎಡಕ್ಕೆ ಎಳೀತಿದೆ, ಏನು ಮಾಡಲಿ?

ಪ್ರಶ್ನೆ, ಗಂಗಾವತಿಯಿಂದ:

ಅಣ್ಣ, ನಮಸ್ಕಾರ. ನನ್ನದು ಐದು ವರ್ಷದ ಸಣ್ಣ ಪೆಟ್ರೋಲ್ ಕಾರು, 52,000 ಕಿ.ಮೀ. ಓಡಿದೆ. ಶನಿವಾರ ಬಳ್ಳಾರಿಯ ಒಂದು ಶೋರೂಮ್‌ಗೆ ಸರ್ವಿಸ್‌ಗೆ ಬಿಟ್ಟಿದ್ದೆ. ಮುಂದಿನ ಪ್ಯಾಡ್ ಹೊಸದು ಹಾಕಿದರು, ಹಿಂದಿನ ಡ್ರಮ್ ಬಿಚ್ಚಿ ಕ್ಲೀನ್ ಮಾಡಿದರು, ಬ್ರೇಕ್ ಆಯಿಲ್ ಬದಲಿಸಿದರು. ಬಿಡುವಾಗ ಗಾಡಿಯಲ್ಲಿ ಏನೂ ತೊಂದರೆ ಇರಲಿಲ್ಲ, ಪ್ಯಾಡ್ ಸವೆದಿದೆ ಅಂತ ಹೇಳಿದ್ದೂ ಅವರೇ.

ವಾಪಸ್ ಬರುವಾಗ ಕುರುಗೋಡು ದಾಟಿದ ಮೇಲೆ ಸುಟ್ಟ ವಾಸನೆ ಬಂತು. ಗದ್ದೆಯಲ್ಲಿ ಹುಲ್ಲು ಸುಡುತ್ತಿದ್ದಾರೆ ಅಂದುಕೊಂಡೆ. ಆದರೆ ಕಂಪ್ಲಿ ಸೇತುವೆ ದಾಟಿದರೂ ವಾಸನೆ ಬಿಡಲಿಲ್ಲ. ನಿಲ್ಲಿಸಿ ನೋಡಿದರೆ ಎಡಗಡೆ ಮುಂದಿನ ಚಕ್ರದ ಹತ್ತಿರ ಕೈ ಒಯ್ಯಲು ಆಗದಷ್ಟು ಬಿಸಿ, ಬಲಗಡೆಯದು ಬರೀ ಬೆಚ್ಚಗೆ. ಬ್ರೇಕ್ ಒತ್ತದಿದ್ದರೂ ಗಾಡಿ ಎಡಕ್ಕೆ ಎಳೆಯುತ್ತದೆ. 80ರ ಮೇಲೆ ಹೋದರೆ ಸ್ಟೇರಿಂಗ್ ಕೂಡ ನಡುಗುತ್ತಿದೆ. ಫೋನ್ ಮಾಡಿದರೆ "ಹೊಸ ಪ್ಯಾಡ್ ಸರ್, 500 ಕಿಲೋಮೀಟರ್ ಓಡಿಸಿ, ಸೆಟ್ ಆಗುತ್ತೆ" ಅಂತಾರೆ. ದಿನಾ ಮಕ್ಕಳನ್ನು ಶಾಲೆಗೆ ಬಿಡುವ ಗಾಡಿ ಇದು. ಓಡಿಸಬಹುದಾ?

ಉತ್ತರ:

ಸರ್, ಓಡಿಸಬೇಡಿ. ಮೊದಲು ಇದನ್ನೇ ಹೇಳುತ್ತೇನೆ, ಉಳಿದದ್ದು ಆಮೇಲೆ. ಮಕ್ಕಳನ್ನು ನಾಲ್ಕು ದಿನ ಆಟೋದಲ್ಲಿ ಕಳಿಸಿ.

ಬಳ್ಳಾರಿಯಲ್ಲಿ ಗ್ಯಾರೇಜ್ ಇಟ್ಟು 22 ವರ್ಷ ಆಯ್ತು, ಅದಕ್ಕೂ ಮುಂಚೆ ಶೋರೂಮ್‌ನಲ್ಲೇ ಕೆಲಸ ಮಾಡಿದವನು ನಾನು. ಹೊಸ ಪ್ಯಾಡ್ ಸೆಟ್ ಆಗಬೇಕು ಅನ್ನೋದು ಸುಳ್ಳಲ್ಲ. ಮೊದಲ 200-300 ಕಿ.ಮೀ. ಹಿಡಿತ ಸ್ವಲ್ಪ ಕಡಿಮೆ ಇರುತ್ತದೆ, ಸಣ್ಣಗೆ ಶಬ್ದ ಬರಬಹುದು. ಆದರೆ ಒಂದೇ ಚಕ್ರ ಕಾಯುವುದು, ವಾಸನೆ ಬರುವುದು, ಗಾಡಿ ಒಂದು ಕಡೆ ಎಳೆಯುವುದು ಇವು ಯಾವೂ ಸೆಟ್ ಆಗುವ ವಿಷಯ ಅಲ್ಲ. ಎಡಗಡೆ ಬ್ರೇಕ್ ಬಿಡುತ್ತಿಲ್ಲ, ಅಷ್ಟೇ. ನೀವು ಪೆಡಲ್‌ನಿಂದ ಕಾಲು ತೆಗೆದರೂ ಪ್ಯಾಡ್ ಡಿಸ್ಕನ್ನು ಉಜ್ಜುತ್ತಲೇ ಇದೆ.

ಯಾಕೆ ಹೀಗಾಗುತ್ತದೆ ಅಂದರೆ, ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಹಿಂದೆ ಮುಂದೆ ಜಾರಬೇಕು. ಆ ಪಿನ್‌ಗೆ ಗ್ರೀಸ್ ಬೇಕು, ಮೇಲೆ ಧೂಳು ತಡೆಯುವ ರಬ್ಬರ್ ಹೊದಿಕೆ, ಅಂದರೆ ಬೂಟ್, ಸರಿಯಾಗಿ ಕೂತಿರಬೇಕು. ನಮ್ಮ ಕಡೆ ರಸ್ತೆ ನಿಮಗೇ ಗೊತ್ತು, ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಪು ಧೂಳು ಎಲ್ಲಿ ಬೇಕಾದರೂ ಹೊಗುತ್ತದೆ. ಬೂಟ್ ಒಂದು ಚೂರು ಹರಿದಿದ್ದರೂ ಸಾಕು, ಪಿನ್ ಒಣಗಿ ಕಚ್ಚಿಕೊಳ್ಳುತ್ತದೆ. ಹಳೇ ಪ್ಯಾಡ್ ಸವೆದು ತೆಳ್ಳಗಿದ್ದಾಗ ಇದು ಗೊತ್ತಾಗುವುದಿಲ್ಲ. ದಪ್ಪ ಹೊಸ ಪ್ಯಾಡ್ ಹಾಕಿದಾಗ ಜಾಗ ಸಾಲದೆ ಬಿಗಿಯುತ್ತದೆ. ಇನ್ನೊಂದು ಕಾರಣ ಪಿಸ್ಟನ್, ಬ್ರೇಕ್ ಒತ್ತಿದಾಗ ಪ್ಯಾಡನ್ನು ತಳ್ಳುವುದು ಅದೇ. ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ ಅನ್ನು ಒಳಗೆ ತಳ್ಳುತ್ತಾರೆ. ಇಷ್ಟು ದಿನ ಹೊರಗಿದ್ದ ಭಾಗಕ್ಕೆ ತುಕ್ಕು, ಕೊಳೆ ಹಿಡಿದಿರುತ್ತದೆ. ಒರೆಸದೆ ಹಾಗೇ ತಳ್ಳಿದರೆ ಸೀಲ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ಹಾಗಾಗಿ ಅವರು ಕೆಡಿಸಿದರು ಅಂತ ಈಗಲೇ ಜಗಳ ತೆಗೆಯಬೇಡಿ. ಬೂಟ್ ಮುಂಚೆಯೇ ಹರಿದಿರಬಹುದು. ಆದರೆ ಪ್ಯಾಡ್ ಬದಲಿಸುವವನು ಪಿನ್ ಎಳೆದು ನೋಡಲೇಬೇಕಿತ್ತು, ನೋಡಿಲ್ಲ. ಅದು ಅವರ ತಪ್ಪೇ.

ಶೋರೂಮ್‌ನವರನ್ನೇ ಕರೆಸಿ. ಅವರು ನೋಡುವಾಗ ನಿಮ್ಮ ಎದುರಿಗೇ ಹೀಗೆ ಮಾಡಲು ಹೇಳಿ. ಸಮತಟ್ಟು ಜಾಗದಲ್ಲಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ಗೆ ಹಾಕಿ, ಎಡಗಡೆ ಮುಂಭಾಗ ಜಾಕ್ ಎತ್ತಲಿ. ಬ್ರೇಕ್ ಎರಡು ಸಲ ಒತ್ತಿ ಬಿಟ್ಟು ಚಕ್ರ ಕೈಯಲ್ಲಿ ತಿರುಗಿಸಲಿ. ಸ್ವಲ್ಪ ಉಜ್ಜುವ ಶಬ್ದ ಬಂದರೆ ಪರವಾಗಿಲ್ಲ, ತಿರುಗದೇ ಹೋದರೆ ಕಚ್ಚಿದೆ ಅಂತ. ಆಗ ಕ್ಯಾಲಿಪರ್‌ನ ಬ್ಲೀಡಿಂಗ್ ನಿಪ್ಪಲ್, ಅಂದರೆ ಆಯಿಲ್ ಹೊರಬಿಡುವ ಸಣ್ಣ ತಿರುಪು, ಸಡಿಲಿಸಬೇಕು. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಪ್ರೆಶರ್ ಒಳಗೇ ಸಿಕ್ಕಿದೆ, ಹೋಸ್ ಪೈಪ್ ತಿರುಚಿರಬಹುದು ಅಥವಾ ಒಳಗೆ ಊದಿಕೊಂಡಿರಬಹುದು. ಆಗಲೂ ಬಿಡದಿದ್ದರೆ ಪಿನ್ ಅಥವಾ ಪಿಸ್ಟನ್. ಐದು ನಿಮಿಷದ ಕೆಲಸ. ಇದು ನೋಡದೆ ಸುಮ್ನೆ ಒಂದೊಂದೇ ಪಾರ್ಟ್ ಬದಲಿಸಿ ಬಿಲ್ ಮಾಡುವವರನ್ನು ನಂಬಬೇಡಿ.

ಸ್ಟೇರಿಂಗ್ ನಡುಗುವುದು ಯಾವಾಗ? ಬ್ರೇಕ್ ಒತ್ತಿದಾಗ ಮಾತ್ರವಾ, ಸುಮ್ನೆ ಓಡುವಾಗಲೂ ಇದೆಯಾ?

ಪ್ರಶ್ನೆ ಕೇಳಿದವರು:

ಸುಮ್ನೆ ಓಡುವಾಗಲೇ ಇದೆ ಅಣ್ಣ. 80ರಿಂದ 90ರ ನಡುವೆ ಜಾಸ್ತಿ.

ಉತ್ತರ:

ಹಾಗಾದರೆ ಡಿಸ್ಕ್ ಬಗ್ಗಿದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಡಿಸ್ಕಿನ ತೊಂದರೆ ಸಾಮಾನ್ಯವಾಗಿ ಬ್ರೇಕ್ ಒತ್ತಿದಾಗಲೇ ಕೈಗೆ ತಿಳಿಯುವುದು. ನಿಮ್ಮದು ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತ ತೂಕ ಸಮ ಇಲ್ಲದ ತೊಂದರೆ ಅನ್ನಿಸುತ್ತದೆ. ಚಕ್ರ ಬಿಚ್ಚಿದಾಗ ರಿಮ್‌ಗೆ ಅಂಟಿಸಿದ ತೂಕ ಬಿದ್ದಿರಬೇಕು, ಇಲ್ಲವೇ ಹಿಂದಿನ ಚಕ್ರ ಮುಂದೆ ಹಾಕಿರಬೇಕು. ಬ್ರೇಕ್ ಕಚ್ಚಿಕೊಂಡಿದ್ದರೂ ನಡುಗಬಹುದು, ಅದಕ್ಕೇ ಬ್ರೇಕ್ ಮೊದಲು.

ವೀಲ್ ನಟ್ ಬಗ್ಗೆಯೂ ಕೇಳಿ. ತುಂಬಾ ಕಡೆ ಏರ್ ಗನ್ ಹಿಡಿದು ಬರ್ರ್ ಅಂತ ಬಿಗಿದು ಬಿಡುತ್ತಾರೆ. ಸಣ್ಣ ಕಾರಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಸಾಕು, ನಿಮ್ಮ ಗಾಡಿಯ ಲೆಕ್ಕ ಅದರ ಪುಸ್ತಕದಲ್ಲೇ ಇರುತ್ತದೆ. ಒಂದು ನಟ್ ಜಾಸ್ತಿ, ಒಂದು ಕಡಿಮೆ ಬಿಗಿದರೆ ಡಿಸ್ಕ್ ನೇರ ಕೂರುವುದಿಲ್ಲ. ಆಗ ಇವತ್ತು ಇಲ್ಲದ ನಡುಕ ಕೆಲವು ಸಾವಿರ ಕಿ.ಮೀ. ಆದ ಮೇಲೆ ಬ್ರೇಕ್‌ನಲ್ಲಿ ಶುರುವಾಗುತ್ತದೆ. ಆಗ ಇವರು "ನಮಗೂ ಅದಕ್ಕೂ ಸಂಬಂಧವಿಲ್ಲ" ಅಂತಾರೆ. ಎಷ್ಟು ಬಿಗಿದಿದೆ ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್‌ನಲ್ಲೇ ಬಿಗಿಸಿ.

ಪ್ರಶ್ನೆ, ರಾಯಚೂರಿನಿಂದ:

ಅಣ್ಣಾ, ಮಧ್ಯದಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಗಾಡಿಗೂ ಮೊನ್ನೆ ಬ್ರೇಕ್ ಆಯಿಲ್ ಬದಲಿಸಿದರು. ಈಗ ಪೆಡಲ್ ಮೆತ್ತಗಾಗಿದೆ, ಎರಡು ಮೂರು ಸಲ ಒತ್ತಿದರೆ ಗಟ್ಟಿ ಆಗುತ್ತದೆ. ಎಬಿಎಸ್ ಹಳದಿ ಲೈಟ್ ಕೂಡ ಹತ್ತಿದೆ. ನಾಳೆ ಸಿಂಧನೂರಿಗೆ ಮದುವೆಗೆ ಹೋಗಬೇಕು.

ಉತ್ತರ:

ಅಕ್ಕಾ, ಮದುವೆಗೆ ಬಸ್ಸಿನಲ್ಲಿ ಹೋಗಿ. ನಿಮ್ಮದು ಗಂಗಾವತಿ ಸರ್ ಗಾಡಿಗಿಂತ ಅಪಾಯ. ಒತ್ತಿ ಒತ್ತಿ ಗಟ್ಟಿ ಆಗುತ್ತದೆ ಅಂದರೆ ಸಾಮಾನ್ಯವಾಗಿ ಲೈನ್‌ನಲ್ಲಿ ಗಾಳಿ ಇದೆ ಅಂತ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಅಡ್ಡ ಯಾರಾದರೂ ಬಂದಾಗ ಮೂರು ಸಲ ಒತ್ತಲು ಟೈಮ್ ಸಿಗುವುದಿಲ್ಲ. ಗಾಡಿ ಓಡಿಸಿಕೊಂಡು ಹೋಗಬೇಡಿ, ಅವರೇ ಟೋ ಮಾಡಿಕೊಂಡು ಹೋಗಲಿ. ನಾಲ್ಕೂ ಚಕ್ರದಿಂದ ಮತ್ತೆ ಏರ್ ತೆಗೆಯಬೇಕು. ಎಬಿಎಸ್ ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. ಅದರ ಯೂನಿಟ್ ಒಳಗೆ ಗಾಳಿ ಹೋಗಿದ್ದರೆ ಕೆಲವು ಗಾಡಿಗಳಲ್ಲಿ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಯೇ ತೆಗೆಯಬೇಕಾಗುತ್ತದೆ. ಹಳದಿ ಲೈಟ್ ಬಹುಶಃ ಚಕ್ರದ ಹತ್ತಿರದ ಸೆನ್ಸರ್ ವೈರ್, ಚಕ್ರ ಬಿಚ್ಚಿದಾಗ ಎಳೆದುಹೋಗಿರುತ್ತದೆ. ಯಾವ ಚಕ್ರದ್ದು ಅಂತ ಸ್ಕ್ಯಾನರ್ ಹೇಳುತ್ತದೆ.

ಯಾವ ಆಯಿಲ್ ಹಾಕಿದ್ದಾರೆ ಅಂತಲೂ ಬಿಲ್‌ನಲ್ಲಿ ನೋಡಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ನೀರು ಹೀರುತ್ತದೆ. ಡಾಟ್ 4 ಅನ್ನೋ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದ ಮೇಲೆ ಅದೇ ಮಟ್ಟ 155ಕ್ಕೆ ಇಳಿಯುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನೋದು. ಅರ್ಧ ಬಳಸಿ ಮುಚ್ಚಳ ಸಡಿಲ ಇಟ್ಟ ಡಬ್ಬಿಯಿಂದ ಹಾಕಿಸಬೇಡಿ.

ಪ್ರಶ್ನೆ ಕೇಳಿದವರು, ಗಂಗಾವತಿ:

ಅಣ್ಣ, ಶೋರೂಮ್‌ನವರು ಗಾಡಿ ತನ್ನಿ ನೋಡೋಣ ಅಂತಾರೆ, ಆದರೆ ಚಾರ್ಜ್ ಆಗುತ್ತೆ ಅಂತಲೂ ಅಂತಾರೆ. ಒಪ್ಪಬೇಕಾ?

ಉತ್ತರ:

ನೋಡುವುದಕ್ಕೆ ಚಾರ್ಜ್ ಒಪ್ಪಬೇಡಿ. ಫೋನಲ್ಲಿ ಮಾತಾಡಿದ್ದು ಸಾಕು, ಇನ್ನು ಬರೆದೇ ಕೊಡಿ. ವಾಟ್ಸಾಪ್ ಆದರೂ ಆಯ್ತು. ಶನಿವಾರದ ಬಿಲ್ ನಂಬರ್, ಕಿ.ಮೀ. ರೀಡಿಂಗ್, ವಾಸನೆ ಯಾವಾಗ ಬಂತು, ಯಾವ ಚಕ್ರ ಬಿಸಿ, ಎಲ್ಲ ಬರೆಯಿರಿ. ಗಾಡಿ ಓಡಿಸುವುದು ಅಪಾಯ, ಬಂದು ಒಯ್ಯಿರಿ ಅಂತ ಸೇರಿಸಿ. ಗಾಡಿಗೆ ಏನು ಕೆಲಸ ಅಂತ ಅವರು ಬರೆಯುವ ಹೊಸ ಜಾಬ್ ಕಾರ್ಡ್‌ನಲ್ಲಿ "ಬ್ರೇಕ್ ಕೆಲಸ ಆದ ದಿನವೇ ಬಂದ ದೂರು" ಅಂತ ಇರಬೇಕು, ಬರೀ "ಜನರಲ್ ಚೆಕ್ಅಪ್" ಅಂತ ಬರೆದರೆ ಸಹಿ ಹಾಕಬೇಡಿ. ಬದಲಿಸಿದ ಹಳೇ ಪಾರ್ಟ್ ಕೇಳಿ ತಗೊಳ್ಳಿ. ಕೆಲಸ ಆದ ಮೇಲೆ ಟೆಸ್ಟ್ ಡ್ರೈವ್‌ಗೆ ಸರ್ವಿಸ್ ಅಡ್ವೈಸರ್ ಬೇಡ, ಫ್ಲೋರ್ ಸೂಪರ್‌ವೈಸರ್ ಬರಲಿ. ಗಾಡಿ ಮುಟ್ಟಿ ಕೆಲಸ ಮಾಡುವವರ ಮೇಲಿರುವವರು ಅವರೇ.

ಇಷ್ಟಕ್ಕೂ ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ ಒಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೆಲಸ ಬಳ್ಳಾರಿಯಲ್ಲಿ ಆಗಿದ್ದರೂ ನಿಮಗೆ ಕೊಪ್ಪಳದ ಜಿಲ್ಲಾ ಆಯೋಗ ಸಾಕು. ಎರಡು ವರ್ಷದ ಒಳಗೆ ಕೊಡಬೇಕು, ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಅಲ್ಲಿಗೆ ಹೋದರೆ ಕಾಗದವೇ ಮಾತಾಡೋದು, ಅದಕ್ಕೇ ಬರೆದು ಕೊಡಿ ಅಂದಿದ್ದು.

ಪ್ರಶ್ನೆ ಕೇಳಿದವರು, ನಾಲ್ಕು ದಿನದ ಮೇಲೆ:

ಅಣ್ಣ, ನೀವು ಹೇಳಿದಂತೆ ಬರೆದು ಕಳಿಸಿದೆ. ಮರುದಿನವೇ ಬಂದು ಗಾಡಿ ಒಯ್ದರು. ನಾನೂ ಹೋಗಿ ಎದುರಿಗೇ ನಿಂತಿದ್ದೆ. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಡಲಿಲ್ಲ. ಕೆಳಗಿನ ಪಿನ್ ಕಚ್ಚಿತ್ತು, ಬೂಟ್ ಹರಿದಿತ್ತು, ಒಳಗೆಲ್ಲ ಕೆಂಪು ಮಣ್ಣು. ಪಿನ್, ಬೂಟ್ ಹೊಸದು ಹಾಕಿದರು, ದುಡ್ಡು ತಗೊಳ್ಳಲಿಲ್ಲ. ರಿಮ್ ತೂಕವೂ ಒಂದು ಬಿದ್ದಿತ್ತು, ಬ್ಯಾಲೆನ್ಸಿಂಗ್ ಮಾಡಿದರು. ಈಗ ನೇರ ಓಡುತ್ತಿದೆ, ನಡುಕ ಇಲ್ಲ. ತುಂಬಾ ಉಪಕಾರ ಆಯ್ತು.

ಉತ್ತರ:

ಒಳ್ಳೇದಾಯ್ತು ಸರ್. ಪ್ಯಾಡ್ ಬದಲಿಸಿದರಾ?

ಪ್ರಶ್ನೆ ಕೇಳಿದವರು:

ಇಲ್ಲ, ಅದನ್ನೇ ಹಾಕಿದ್ದಾರೆ. ಹೊಸದೇ ಅಲ್ವಾ?

ಉತ್ತರ:

ಹೊಸದಾಗಿತ್ತು ಸರ್. ಕಂಪ್ಲಿವರೆಗೆ ವಾಸನೆ ಬರುವಷ್ಟು ಕಾದಿದೆ, ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿರುತ್ತದೆ. ಅಂಥ ಪ್ಯಾಡ್ ಹಿಡಿಯುವುದಿಲ್ಲ. ಎಡ ಬಲ ಎರಡೂ ಕಡೆ ಜೋಡಿಯಾಗಿ ಬದಲಿಸಿಕೊಡಲು ಹೇಳಿ, ಡಿಸ್ಕಿನ ಮೇಲೆ ನೀಲಿ ಕಲೆ ಇದೆಯಾ ನೋಡಿಸಿ. ಅದೇ ಜಾಬ್ ಕಾರ್ಡ್ ತೋರಿಸಿ, ನಾಳೆಯೇ ಹೋಗಿ.